ಆನ್‌ಸೈಟ್ ಹೋಗಿದ್ದನ್ನ ರೆಸ್ಯೂಮಲ್ಲಿ ಹೇಗೆ ಬರೀಬೇಕು

ಆನ್‌ಸೈಟ್ ಅಂದ್ರೆ ಕ್ಲೈಂಟ್, ಅಂದ್ರೆ ನಮ್ ಕಂಪನಿಗೆ ಕೆಲಸ ಕೊಟ್ಟ ಕಂಪನಿ, ಇರೋ ಕಡೆಗೇ ಹೋಗಿ ಕೆಲಸ ಮಾಡೋದು. ನಮ್ ಬೆಂಗಳೂರ್ ಐಟಿಯವರ ಎಷ್ಟೋ ರೆಸ್ಯೂಮಲ್ಲಿ "ಆನ್‌ಸೈಟ್: ಜರ್ಮನಿ, 6 ತಿಂಗಳು" ಅಂತ ಒಂದ್ ಲೈನ್ ಇರತ್ತೆ, ಅಷ್ಟೇ. ಓದೋರಿಗೆ ನಿಮಗೆ ವೀಸಾ ಸಿಕ್ಕಿತ್ತು ಅನ್ನೋದು ಬಿಟ್ರೆ ಇನ್ನೇನೂ ಗೊತ್ತಾಗಲ್ಲ. ಅಲ್ಲಿ ಯಾರ ಜೊತೆ ಕೂತ್ರಿ, ಏನ್ ಮುಗಿಸಿ ಬಂದ್ರಿ, ಅದನ್ನ ಹೇಳಿ.

ರೆಸ್ಯೂಮ್ ಇಂಗ್ಲಿಷಲ್ಲೇ ಹೋಗತ್ತೆ ನಿಜ, ಆದ್ರೆ ಮೊದ್ಲು ಮನೆಯವರಿಗೆ ಕನ್ನಡದಲ್ಲಿ ಹೇಳೋ ಥರ ಹೇಳ್ಕೊಂಡು ನೋಡಿ, ವಿಷಯ ತಾನಾಗೇ ಹೊರಗೆ ಬರತ್ತೆ. ಉದಾಹರಣೆಗೆ: "ಮ್ಯೂನಿಕ್‌ನಲ್ಲಿ ಕ್ಲೈಂಟಿನ ಗೋಡೌನ್ ಟೀಮ್ ಜೊತೆ ಕೂತು ರಿಕ್ವೈರ್‌ಮೆಂಟ್ ತಗೊಂಡೆ, ಬೆಂಗಳೂರಿನ 5 ಜನರ ಟೀಮಿಗೆ ವಿವರಿಸಿ ಕೆಲಸ ಮಾಡಿಸ್ದೆ, 2 ಗಂಟೆ ಹಿಡೀತಿದ್ದ ಸ್ಟಾಕ್ ರಿಪೋರ್ಟ್ 20 ನಿಮಿಷಕ್ಕೆ ಬರೋ ಹಾಗಾಯ್ತು." ಇದನ್ನೇ ಇಂಗ್ಲಿಷಿಗೆ ಇಳಿಸಿ. ನಿಮ್ಹತ್ರ ನಂಬರ್ ಇಲ್ದಿದ್ರೆ ದಯವಿಟ್ಟು ಹುಟ್ಟಿಸ್ಬೇಡಿ, ಇಂಟರ್‌ವ್ಯೂನಲ್ಲಿ ಅದನ್ನೇ ಹಿಡ್ಕೊಂಡು ಕೆದಕ್ತಾರೆ, ಮೊದ್ಲು ಹೇಗಿತ್ತು ಆಮೇಲೆ ಹೇಗಾಯ್ತು ಅಂತ ಬರೆದ್ರೂ ಸಾಕು.

ಪಾಸ್‌ಪೋರ್ಟಲ್ಲಿ ಒಂದೂ ಸ್ಟಾಂಪ್ ಇಲ್ಲ ಅಂತ ಬೇಜಾರ್ ಮಾಡ್ಕೊಳ್ಳೋರಿಗೂ ಒಂದ್ ಮಾತು. ಮಾನ್ಯತಾ ಟೆಕ್ ಪಾರ್ಕಲ್ಲೋ ಎಲೆಕ್ಟ್ರಾನಿಕ್ ಸಿಟೀಲೋ ಕೂತು ನ್ಯೂಯಾರ್ಕ್ ಟೀಮ್ ಜೊತೆ ದಿನಾ ಕೆಲಸ ಮಾಡೋದೂ ಫಾರಿನ್ ಅನುಭವಾನೇ. ಅವ್ರಿಗೂ ನಮಗೂ ಅಲ್ಲಿನ ಬೇಸಿಗೇಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ, ಅಷ್ಟಿದ್ರೂ ಕೆಲಸ ನಿಲ್ದೇ ಇರೋ ಹಾಗೆ ಹ್ಯಾಂಡೋವರ್ (ಒಂದ್ ಟೀಮ್ ಇನ್ನೊಂದ್ ಟೀಮಿಗೆ ಕೆಲಸ ಒಪ್ಪಿಸೋದು) ಪ್ಲಾನ್ ಮಾಡಿದ್ದು ನೀವಾಗಿದ್ರೆ ಅದಕ್ಕೊಂದು ಲೈನ್ ಕೊಡ್ಲೇಬೇಕು. ಊರು ಮಾತ್ರ ಬೆಂಗಳೂರು ಅಂತಾನೇ ಇರ್ಲಿ.

ಸಂಬಳ ಕೊಟ್ಟ ಕಂಪನಿ ಹೆಸರು ಮೇಲೆ, ಕ್ಲೈಂಟ್ ಅದರ ಕೆಳಗೆ. ಕ್ಲೈಂಟನ್ನೇ ಎಂಪ್ಲಾಯರ್ ಅಂತ ಹಾಕಿದ್ರೆ ಬ್ಯಾಗ್ರೌಂಡ್ ಚೆಕ್ಕಲ್ಲಿ ಸಿಕ್ಕಿಬೀಳ್ತೀರಿ. ಹೆಸರು ಹೇಳ್ಬಾರ್ದು ಅಂತ ಒಪ್ಪಂದ ಇದ್ರೆ "ಯುರೋಪಿನ ಒಂದು ಇನ್ಶೂರೆನ್ಸ್ ಕಂಪನಿ" ಅಂದ್ರೂ ನಡೆಯತ್ತೆ.

ಹೊರದೇಶಕ್ಕೆ ಕಳಿಸೋದಾದ್ರೆ ತಾರೀಕು ನೋಡ್ಕೊಳ್ಳಿ, 03/04/2022 ನಮಗೆ ಏಪ್ರಿಲ್ 3, ಅಮೆರಿಕದವ್ರಿಗೆ ಮಾರ್ಚ್ 4, ಅದಕ್ಕೇ ತಿಂಗಳನ್ನ ಅಕ್ಷರದಲ್ಲೇ ಬರೀರಿ. 15 ಲಕ್ಷ ಯೂಸರ್ಸ್ ಅನ್ನೋ ಕಡೆ 1.5 ಮಿಲಿಯನ್ ಮಾಡಿ. ಅಮೆರಿಕಕ್ಕಾದ್ರೆ ಫೋಟೋ, ಹುಟ್ಟಿದ ದಿನ, ಮದುವೆ ಆಗಿದ್ಯಾ ಇಲ್ವಾ, ಅಪ್ಪನ ಹೆಸರು ಎಲ್ಲಾ ತೆಗೀರಿ. ಜರ್ಮನಿಯಲ್ಲಿ ಫೋಟೋ ಹಾಕೋ ರೂಢಿ ಇನ್ನೂ ಇದೆ, ಕಡ್ಡಾಯ ಅಲ್ಲ. ಪಾಸ್‌ಪೋರ್ಟ್ ನಂಬರ್ ಎಲ್ಲಿಗೂ ಬೇಡ, ಕೊನೇಲಿ "ಮೇಲಿನದೆಲ್ಲ ನಿಜ" ಅಂತ ಸೈನ್ ಹಾಕೋ ಡಿಕ್ಲರೇಷನ್ನೂ ಬೇಡ.

ಭಾಷೆ ವಿಷಯಕ್ಕೆ "ಜರ್ಮನ್ ಬರತ್ತೆ" ಅಂದ್ರೆ ಯಾರಿಗೂ ಏನೂ ತಿಳಿಯಲ್ಲ, ಎ1 (ಈಗಷ್ಟೇ ಶುರು) ಇಂದ ಸಿ2 (ಪೂರ್ತಿ ಹಿಡಿತ) ವರೆಗಿನ ಲೆವೆಲ್ಲಲ್ಲಿ ಎಲ್ಲಿದೀರಿ ಅಂತ ಹಾಕಿ, ಜರ್ಮನ್ ಕಲಿಸೋ ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಪರೀಕ್ಷೆ ಬರ್ದಿದ್ರೆ ವರ್ಷಾನೂ ಹಾಕಿ. ಎ2 ಇಟ್ಕೊಂಡು ಬಿ2 ಅಂದ್ರೆ ಮೊದಲ ಕಾಲ್‌ನಲ್ಲೇ ಗೊತ್ತಾಗೋಗತ್ತೆ.