ಬೇರೆಯವರ ವಾಲ್ವಿಗೆ ಕೈ ಹಾಕುವುದು ಯಾವಾಗ

ಸ್ಕೂಬಾ ಡೈವಿಂಗಿಗೆ ಹೋದಾಗ, ನೇತ್ರಾಣಿ ದ್ವೀಪದ ಪಕ್ಕ ಲಂಗರು ಬಿದ್ದ ಮೇಲಿನ ಹದಿನೈದು ನಿಮಿಷ, ದೋಣಿಯಲ್ಲಿ ಎಲ್ಲರ ಕೈಯೂ ಎಲ್ಲರ ಸಾಮಾನಿನ ಮೇಲಿರುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಓಲಾಡಿಕೊಂಡು ಬಂದವರಲ್ಲಿ ಒಬ್ಬಿಬ್ಬರಿಗೆ ವಾಂತಿ, ಉಳಿದವರಿಗೆ ನೀರಿಗಿಳಿಯುವ ಆತುರ. ದೋಣಿಯ ಹುಡುಗ ಒಬ್ಬರ ಬಿಸಿಡಿ (ತೇಲಲು ಗಾಳಿ ತುಂಬುವ ಜಾಕೆಟ್) ಪಟ್ಟಿ ಎಳೆಯುತ್ತಾನೆ, ಇನ್ನೊಬ್ಬರ ಮಾಸ್ಕ್ ಒರೆಸುತ್ತಾನೆ, ಮೂರನೆಯವರ ಬೆನ್ನ ಹಿಂದೆ ನಿಂತು ಗಾಳಿ ಸಿಲಿಂಡರಿನ ವಾಲ್ವ್ ತಿರುಗಿಸಿ ನೋಡುತ್ತಾನೆ. ಎಲ್ಲವೂ ಸಹಾಯವೇ. ಅದರಲ್ಲಿ ಕೊನೆಯದೊಂದು ಮಾತ್ರ ಜೀವಕ್ಕೆ ಬರಬಹುದು.

ಡೈವ್ ಮಾಸ್ಟರ್ ಕೆಲಸದಲ್ಲಿ ನಾನು ಪಾಲಿಸುವುದು ಇಷ್ಟು: ಹಾಕಿಕೊಂಡವರಿಗೆ ಗೊತ್ತಿಲ್ಲದೆ ಅವರ ಸಾಮಾನಿನಲ್ಲಿ ಏನೂ ಬದಲಾಗಬಾರದು. ಮುಟ್ಟುವ ಮುಂಚೆ ಕೇಳುತ್ತೇನೆ, ಮುಟ್ಟಿದ ಮೇಲೆ ಏನು ಮಾಡಿದೆ ಅಂತ ಬಾಯಿಬಿಟ್ಟು ಹೇಳುತ್ತೇನೆ, ಅವರು ಮತ್ತೊಮ್ಮೆ ಪರೀಕ್ಷಿಸುವ ತನಕ ದೋಣಿಯ ಅಂಚಿಗೆ ಕಳಿಸುವುದಿಲ್ಲ. “ಸರ್, ವಾಲ್ವ್ ಒಮ್ಮೆ ನೋಡ್ಲಾ?” ಅಂತ ಕೇಳಲು ಎರಡು ಸೆಕೆಂಡ್ ಸಾಕು.

ವಾಲ್ವ್ ಬಗ್ಗೆ ಇಷ್ಟು ಹಠ ಯಾಕೆಂದರೆ, ತೆರೆಯುವ ಮುಚ್ಚುವ ದಿಕ್ಕಿನಲ್ಲಿ ಅನುಭವಸ್ಥರೂ ತಪ್ಪುತ್ತಾರೆ. ನಾಬ್ ಸಾಮಾನ್ಯವಾಗಿ ಹಾಕಿಕೊಂಡವರ ಬಲಕ್ಕೆ, ಅಡ್ಡವಾಗಿರುತ್ತದೆ. ಅದರ ಮೇಲ್ಭಾಗ ಅವರ ತಲೆಯ ಕಡೆ ಉರುಳಿದರೆ ಮುಚ್ಚುತ್ತದೆ, ತಲೆಯಿಂದ ಹಿಂದಕ್ಕೆ ಉರುಳಿದರೆ ತೆರೆಯುತ್ತದೆ. ಎದುರು ನಿಂತು ಭುಜದ ಮೇಲಿಂದ ಕೈ ಚಾಚಿದವನಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಇದರ ಜೊತೆಗೆ ಹಳೆಯ ಅಭ್ಯಾಸವೊಂದಿದೆ: ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ ತರುವುದು. ದಿಕ್ಕು ತಪ್ಪಿದವನು ತೆರೆದಿದ್ದ ವಾಲ್ವನ್ನು ಪೂರ್ತಿ ಮುಚ್ಚಿ, ಆ ಅಭ್ಯಾಸದಂತೆ ಕಾಲು ಸುತ್ತು ‘ಹಿಂದಕ್ಕೆ’ ತರುತ್ತಾನೆ. ಈಗ ಅದು ತೆರೆದಿರುವುದು ಕಾಲು ಸುತ್ತು ಮಾತ್ರ.

ಮೇಲೆ ನಿಂತು ಉಸಿರಾಡಿದರೆ ಇದು ಗೊತ್ತೇ ಆಗುವುದಿಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಗೇಜ್ 200 ಬಾರ್ ತೋರಿಸುತ್ತದೆ, ಗಾಳಿ ಸಲೀಸಾಗಿ ಬರುತ್ತದೆ. 20 ಮೀಟರ್ ಕೆಳಗೆ ಸುತ್ತಲಿನ ಒತ್ತಡ ಮೇಲಿನ ಮೂರರಷ್ಟು, ಒಂದೊಂದು ಉಸಿರಿಗೂ ಮೂರು ಪಟ್ಟು ಗಾಳಿ ಬೇಕು. ಕಾಲು ಸುತ್ತಿನ ಸಂದಿಯಿಂದ ಅಷ್ಟು ಗಾಳಿ ಬಾರದೆ ಉಸಿರು ಬಿಗಿಯುತ್ತದೆ. ಸಿಲಿಂಡರ್ ಮಾತ್ರ ತುಂಬಿಯೇ ಇರುತ್ತದೆ. ಆದ್ದರಿಂದ ನಮ್ಮಲ್ಲಿ ಕಾಲು ಸುತ್ತು ಹಿಂದಕ್ಕೆ ತರುವ ಪದ್ಧತಿಯೇ ಇಲ್ಲ. ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು.

ವಾಲ್ವ್ ಮುಟ್ಟದೆಯೇ ಅದರ ಸ್ಥಿತಿ ತಿಳಿಯಬಹುದು. ಉಸಿರಾಡುವ ರೆಗ್ಯುಲೇಟರ್ ಬಾಯಲ್ಲಿಟ್ಟು, ಗೇಜ್ ಕಣ್ಣೆದುರು ಹಿಡಿದು, ಮೂರ್ನಾಲ್ಕು ಸಲ ಜೋರಾಗಿ ಉಸಿರೆಳೆಯಲು ಹೇಳುತ್ತೇನೆ. ಮುಳ್ಳು ಅಲ್ಲಾಡದಿದ್ದರೆ ಸರಿ. ಎಳೆದಾಗ ಇಳಿದು, ಬಿಟ್ಟಾಗ ಮೇಲೇರಿದರೆ ವಾಲ್ವ್ ಅರೆಬರೆ ತೆರೆದಿದೆ. ಇಳಿದದ್ದು ಮೇಲೇರದೆ ಇನ್ನಷ್ಟು ಇಳಿದರೆ ಪೂರ್ತಿ ಮುಚ್ಚಿದೆ, ಪೈಪಿನಲ್ಲಿ ಉಳಿದ ಗಾಳಿ ಕೆಲವೇ ಉಸಿರಿಗೆ ಮುಗಿಯುತ್ತದೆ. ಗೇಜ್ ನೋಡದೆ “ಗಾಳಿ ಬರ್ತಾ ಇದೆ” ಅನ್ನುವುದನ್ನು ನಾನು ಪರೀಕ್ಷೆ ಅಂತ ಒಪ್ಪುವುದಿಲ್ಲ. ಈ ಪರೀಕ್ಷೆಯಾದ ಮೇಲೆ ಯಾರಾದರೂ ವಾಲ್ವ್ ಮುಟ್ಟಿದರೆ, ಅದು ನಾನೇ ಆಗಿದ್ದರೂ, ಮೂರು ಉಸಿರು ಮತ್ತೆ ಮೊದಲಿಂದ.

ಬಡ್ಡಿ ಚೆಕ್‌ನಲ್ಲಿ, ಅಂದರೆ ಜೋಡಿಯಾಗಿ ಇಳಿಯುವವರು ಒಬ್ಬರ ಸಾಮಾನನ್ನು ಇನ್ನೊಬ್ಬರು ಪರೀಕ್ಷಿಸುವಾಗ, ಮುಟ್ಟುವುದು ಹಕ್ಕೂ ಹೌದು, ಕರ್ತವ್ಯವೂ ಹೌದು. ಆದರೂ ಮುಳುಗಲು ಕಟ್ಟಿಕೊಂಡ ತೂಕದ ಬಕಲ್ ಎಲ್ಲಿದೆ, ಯಾವ ಕಡೆಗೆ ಎಳೆದರೆ ಬಿಚ್ಚುತ್ತದೆ ಅಂತ ಬಡ್ಡಿಯೇ ತೋರಿಸಲಿ, ನಾನು ಬೆರಳಿಟ್ಟು ಗುರುತು ಮಾಡಿಕೊಳ್ಳುತ್ತೇನೆ. ಒಬ್ಬೊಬ್ಬರ ಬಿಸಿಡಿ ಒಂದೊಂದು ಥರ. ತುರ್ತಿನಲ್ಲಿ ಹುಡುಕುತ್ತಾ ಕೂರಲು ಆಗುವುದಿಲ್ಲ.

ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರನ್ನು ಮಾತ್ರ ಯಾರದ್ದಾದರೂ ಮುಟ್ಟುವುದಿಲ್ಲ. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ತುಂಬಿಸಿದವರು ಅದರಲ್ಲಿ ಹಾಕಿಟ್ಟ ಆಮ್ಲಜನಕದ ಅಂಕಿ ಒಂದು ಗುಂಡಿ ಒತ್ತಿದರೆ ಬದಲಾಗಬಹುದು. ಕೇಳದೆ ಮುಟ್ಟುವುದು ಒಂದನ್ನೇ: ಡೆಕ್ ಮೇಲೆ ಯಾರೂ ಹಿಡಿಯದೆ ನಿಂತಿರುವ ಸಿಲಿಂಡರ್. ಒಂದು ಅಲೆಗೆ 16 ಕೆ.ಜಿ.ಗೂ ಮೀರಿದ ಆ ಲೋಹ ಯಾರದ್ದಾದರೂ ಕಾಲ್ಬೆರಳ ಮೇಲೆ ಬೀಳುತ್ತದೆ. ಮಲಗಿಸಿ, ಆಮೇಲೆ “ನಿಮ್ಮದು ಮಲಗಿಸಿದೀನಿ” ಅನ್ನುತ್ತೇನೆ. ಇದಕ್ಕೆ ಕೋಪಿಸಿಕೊಂಡವರೂ ಇದ್ದಾರೆ, ಕೋಪಿಸಿಕೊಳ್ಳಲಿ.

ನೀರಿನೊಳಗೆ ಹೆಚ್ಚಾಗಿ ಕೈ ಹಾಕಬೇಕಾಗುವುದು ಜಾರಿದ ಸಿಲಿಂಡರಿಗೆ. ಸಿಲಿಂಡರನ್ನು ಬಿಸಿಡಿಗೆ ಕಟ್ಟುವ ಪಟ್ಟಿಯನ್ನು ಒಣಗಿದ್ದಾಗಲೇ ಬಿಗಿದರೆ ನೆನೆದ ಮೇಲೆ ಸಡಿಲವಾಗುತ್ತದೆ, ಅದಕ್ಕೇ ಬಿಗಿಯುವ ಮುಂಚೆ ಪಟ್ಟಿ ನೆನೆಸಬೇಕು. ಅದು ಮರೆತಿದ್ದರೆ ನೀರಿನಲ್ಲಿ ಮಾಡುವ ಕ್ರಮ ಹೀಗೆ. ಹಿಂದಿನಿಂದ ಹೋಗಿ ಹಿಡಿಯುವುದಿಲ್ಲ, ಎದುರು ಬಂದು ‘ನಿಲ್ಲಿ’ ಸನ್ನೆ ಮಾಡಿ, ನನ್ನ ಸಿಲಿಂಡರ್ ತೋರಿಸಿ, ನಂತರ ಅವರ ಕಡೆ ಬೆರಳು ಮಾಡುತ್ತೇನೆ. ಅವರಿಂದ ಓಕೆ ಬರಬೇಕು. ಬಲಗೈಯಿಂದ ಬಾಯಲ್ಲಿನ ರೆಗ್ಯುಲೇಟರ್ ಒತ್ತಿ ಹಿಡಿಯಲು ಸನ್ನೆ ಮಾಡುತ್ತೇನೆ, ಯಾಕೆಂದರೆ ಸಿಲಿಂಡರ್ ಕೆಳಗೆ ಜಾರಿದರೆ ಪೈಪ್ ಎಳೆದು ಅದು ಬಾಯಿಂದ ಕಿತ್ತು ಬರುತ್ತದೆ. ಆಮೇಲೆ ಬಿಸಿಡಿಯ ಹಿಂದಿನ ಹಿಡಿಕೆ ಒಂದು ಕೈಯಲ್ಲಿ ಹಿಡಿದು, ಸಿಲಿಂಡರಿನ ತಳಕ್ಕೆ ಮೊಣಕಾಲು ಕೊಟ್ಟು, ಬಕಲ್ ಬಿಚ್ಚಿ, ಮೇಲಕ್ಕೆ ಒತ್ತಿ ಮತ್ತೆ ಬಿಗಿಯುತ್ತೇನೆ. ಕೆಳಗೆ ಮರಳಿದ್ದರೆ ಮಂಡಿಯೂರಬಹುದು. ಹವಳ, ಬಂಡೆ ಇರುವ ಕಡೆ ತೇಲಿಕೊಂಡೇ ಆಗಬೇಕು, ಆಗದಿದ್ದರೆ ಆ ಡೈವ್ ಅಲ್ಲಿಗೆ ಮುಗಿಸುತ್ತೇನೆ.

ಮೀನಿನ ಗಾಳದ ತಂಗೂಸಿ ದಾರ ಸಿಕ್ಕಿಕೊಂಡಾಗಲೂ ಇದೇ ಕ್ರಮ. ಬೆನ್ನ ಹಿಂದಿನ ವಾಲ್ವಿಗೆ ಸುತ್ತಿದ ದಾರ ಅವರಿಗೆ ಕಾಣುವುದಿಲ್ಲ, ತಿರುಗಿದಷ್ಟೂ ಬಿಗಿಯುತ್ತದೆ. ಮೊದಲು ಅವರು ಅಲ್ಲಾಡದೆ ನಿಲ್ಲಬೇಕು. ದಾರವನ್ನು ಪೈಪಿನಿಂದ ದೂರಕ್ಕೆ ಎಳೆದು ಹಿಡಿದ ಮೇಲಷ್ಟೇ ಕತ್ತರಿಸುತ್ತೇನೆ.

ಬೇರೆಯವರ ಬಿಸಿಡಿಗೆ ಗಾಳಿ ತುಂಬುವುದು ಇದಕ್ಕಿಂತ ಸೂಕ್ಷ್ಮ. 10 ಮೀಟರಿನಲ್ಲಿ ಹಾಕಿದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಗುಂಡಿ ಒತ್ತಿದ್ದು ಅವರಿಗೆ ಗೊತ್ತಿಲ್ಲದಿದ್ದರೆ ಉಸಿರು ಹಿಡಿದುಕೊಂಡೇ ಮೇಲಕ್ಕೆ ಚಿಮ್ಮಬಹುದು, ಶ್ವಾಸಕೋಶ ಹರಿಯುವುದು ಹಾಗೆಯೇ. ಮೊದಲ ಸಲ ಇಳಿಯುವವರ ವಿಷಯ ಬೇರೆ. ಈಜು ಬಾರದವರೂ ಬರುತ್ತಾರೆ, ಬಿಸಿಡಿಗೆ ಗಾಳಿ ಹಾಕಿ ತೆಗೆಯುವ ಅವರ ಇನ್‌ಫ್ಲೇಟರ್ ನನ್ನ ಕೈಯಲ್ಲೇ ಇರುತ್ತದೆ, 12 ಮೀಟರಿಗಿಂತ ಕೆಳಗೆ ಹೋಗುವುದಿಲ್ಲ. ಅವರಿಗೆ ದಡದಲ್ಲೇ ಹೇಳಿರುತ್ತೇನೆ: “ಹಿಂದಿಂದ ನಿಮ್ಮನ್ನ ಹಿಡ್ಕೊಂಡಿರ್ತೀನಿ, ಗಾಳಿ ನಾನೇ ಹಾಕ್ತೀನಿ, ತೆಗೀತೀನಿ. ನೀವು ಉಸಿರಾಡ್ತಾ ಇರಿ ಸಾಕು.” ಒಪ್ಪಿಗೆ ಅಲ್ಲೇ ಸಿಕ್ಕಿರುತ್ತದೆ.

ಕೇಳಿಕೊಂಡು ಕೂರಲಾಗದ ಸಂದರ್ಭಗಳೂ ಇವೆ. ನೀರ ಮೇಲೆ ಗಾಬರಿಯಿಂದ ಬಡಿದಾಡುವವರಿಗೆ ಮೊದಲು ದೂರದಿಂದಲೇ “ಬಿಸಿಡಿಗೆ ಗಾಳಿ ಹಾಕಿ, ತೂಕ ಬಿಡಿ” ಅಂತ ಕೂಗುತ್ತೇನೆ. ಕೇಳಿಸಿಕೊಳ್ಳದಿದ್ದರೆ ಎದುರಿನಿಂದ ಹೋಗುವುದಿಲ್ಲ, ನನ್ನ ಮಾಸ್ಕ್, ರೆಗ್ಯುಲೇಟರ್ ಎರಡೂ ಕಿತ್ತುಕೊಳ್ಳುತ್ತಾರೆ. ಹಿಂದಿನಿಂದ ಸಿಲಿಂಡರಿನ ವಾಲ್ವ್ ಹಿಡಿದು, ಸಿಲಿಂಡರನ್ನು ಮೊಣಕಾಲುಗಳ ನಡುವೆ ಅದುಮಿ, ಅವರ ಎಡಭುಜದ ಮೇಲಿಂದ ಇನ್‌ಫ್ಲೇಟರ್ ಎಳೆದು ಒತ್ತುತ್ತೇನೆ. ಕೆಳಗೆ ಪ್ರಜ್ಞೆ ತಪ್ಪಿದವರ ಬಾಯಲ್ಲಿ ರೆಗ್ಯುಲೇಟರ್ ಇದ್ದರೆ ಹಾಗೇ ಒತ್ತಿ ಹಿಡಿದು ತರುತ್ತೇನೆ. ಬಿದ್ದು ಹೋಗಿದ್ದರೆ ಮತ್ತೆ ತುರುಕುತ್ತಾ ಸಮಯ ಕಳೆಯುವುದಿಲ್ಲ, ಮೇಲಕ್ಕೆ ತರುವುದೇ ಮುಖ್ಯ. ಮೇಲೆ ಬಂದ ಕೂಡಲೇ ಬಿಸಿಡಿ ತುಂಬಿಸಿ, ತೂಕ ಕಳಚಿ, ದೋಣಿಯನ್ನು ಕೂಗಿ, ಉಸಿರು ನೋಡುವುದು.

ಅಪಘಾತವಾದ ಮೇಲೆ ಆ ಸಾಮಾನು ಇನ್ನು ತನಿಖೆಯವರದ್ದು. ತೊಳೆಯಬಾರದು, ಬಿಚ್ಚಬಾರದು, ರೆಗ್ಯುಲೇಟರಿನಿಂದ ಗಾಳಿ ಹೊರಬಿಡುವ ಪರ್ಜ್ ಗುಂಡಿ ಒತ್ತಿ ನೋಡಬಾರದು. ಗೇಜಿನ ಅಂಕಿ ಬರೆದುಕೊಳ್ಳಬೇಕು. ವಾಲ್ವ್ ಮುಚ್ಚಲೇಬೇಕಾದರೆ ಎಷ್ಟು ಸುತ್ತಿಗೆ ಮುಚ್ಚಿತು ಅಂತ ಎಣಿಸಿ ಅದನ್ನೂ ಬರೆಯಬೇಕು. ವಾಲ್ವ್ ಪೂರ್ತಿ ತೆರೆದಿತ್ತೋ, ಕಾಲು ಸುತ್ತು ಮಾತ್ರ ತೆರೆದಿತ್ತೋ ಅನ್ನುವುದಕ್ಕೆ ಆ ಎಣಿಕೆ ಬಿಟ್ಟರೆ ಬೇರೆ ಸಾಕ್ಷಿ ಉಳಿದಿರುವುದಿಲ್ಲ.