ಲಿವರ್ ರೈಫಲ್ಲಿನ ಕೊಳವೆ ಮ್ಯಾಗಜೀನ್ ದುರಸ್ತಿ: ಒಂದು ದೋಷದ ಹಿಂದೆ ಅಡಗಿದ್ದ ಇನ್ನೊಂದು

ನನ್ನ ಬಳಿಯಿರುವುದು ಕಳೆದ ಶತಮಾನದ ನಡುಭಾಗದಲ್ಲಿ ತಯಾರಾದ, .30-30 ಎಂಬ ಬಗೆಯ ತೋಟಾ ಬಳಸುವ ಲಿವರ್ ರೈಫಲ್, ಅಂದರೆ ಕೆಳಗಿನ ಲಿವರನ್ನು (ಸನ್ನೆಯನ್ನು) ಎಳೆದು ಮುಚ್ಚಿದಾಗ ಮುಂದಿನ ತೋಟಾ ಒಳಬರುವ ಬಂದೂಕು. ನಳಿಗೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಸಾಗುವ ಉಕ್ಕಿನ ಕೊಳವೆಯೇ ಇದರ ಮ್ಯಾಗಜೀನ್, ಅಂದರೆ ತೋಟಾಗಳ ಸಂಗ್ರಹ. ಒಳಗಿನ ಸ್ಪ್ರಿಂಗ್ ಅವನ್ನು ಹಿಂದಕ್ಕೆ ತಳ್ಳುತ್ತದೆ. ಕೆಲವು ಕಾಲ ಸರಿಯಾಗಿಯೇ ನಡೆದ ಈ ರೈಫಲ್ ಕ್ರಮೇಣ ಒಂದು ತಕರಾರು ತೋರಿಸತೊಡಗಿತು. ಆರು ತೋಟಾ ತುಂಬಿದರೆ ಮೊದಲ ನಾಲ್ಕು ಸರಾಗವಾಗಿ ಬರುತ್ತಿದ್ದವು, ಕೊನೆಯ ಎರಡು ಕೊಳವೆಯಲ್ಲೇ ಉಳಿಯುತ್ತಿದ್ದವು. ಲಿವರ್ ಎಳೆದು ಮುಚ್ಚಿದರೆ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ಖಾಲಿ ಚೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಜಾಗದ) ಮೇಲೆ ಮುಚ್ಚಿಕೊಳ್ಳುತ್ತಿತ್ತು. ಆದರೆ ರೈಫಲ್ಲಿನ ಮೂತಿಯನ್ನು ಆಕಾಶದ ಕಡೆಗೆ ಎತ್ತಿ ಹಿಡಿದು ಲಿವರ್ ಎಳೆದಾಗ, ಬಾರದೆ ನಿಂತಿದ್ದ ಅದೇ ತೋಟಾ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಹಿಂದಕ್ಕೆ ತಳ್ಳುವ ಬಲ ಸಾಲುತ್ತಿಲ್ಲ, ಇಲ್ಲವೇ ಹಾದಿಯಲ್ಲಿ ಏನೋ ತಡೆಯುತ್ತಿದೆ ಎಂಬುದು ಅಷ್ಟರಿಂದಲೇ ನನಗೆ ಸ್ಪಷ್ಟವಾಯಿತು.

ಈ ಬಗೆಯ ಮ್ಯಾಗಜೀನಿನ ಒಳಗೆ ಏನಾಗುತ್ತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. 1860ರ ಹೆನ್ರಿ ರೈಫಲ್ಲಿನ ಕೊಳವೆಗೆ ಅಡಿಯಲ್ಲಿ ಉದ್ದನೆಯ ಸೀಳು ಇತ್ತು. ಸ್ಪ್ರಿಂಗಿನ ತುದಿಯಲ್ಲಿದ್ದು ತೋಟಾಗಳನ್ನು ತಳ್ಳುವ ಫಾಲೋವರಿನ ಹಿಡಿ ಅದರಲ್ಲಿ ಓಡಾಡುತ್ತಿದ್ದುದರಿಂದ ಧೂಳು, ಮಣ್ಣು ನೇರವಾಗಿ ಒಳಹೋಗುತ್ತಿದ್ದವು. 1866ರ ವಿಂಚೆಸ್ಟರಿನಲ್ಲಿ ನೆಲ್ಸನ್ ಕಿಂಗ್ ಅವರು ರೂಪಿಸಿದ, ಪಕ್ಕದಿಂದ ತೋಟಾ ತುಂಬುವ ಗೇಟು ಬಂದ ಮೇಲೆ ಕೊಳವೆಯನ್ನು ಪೂರ್ತಿ ಮುಚ್ಚಲು ಸಾಧ್ಯವಾಯಿತು. ಹೊರಗಿನ ಕೊಳೆ ಕಡಿಮೆಯಾಯಿತು, ನಿಜ. ಆದರೆ ಗೇಟಿನ ಮೂಲಕ ದಶಕಗಳ ಕಾಲ ಒಳಸೇರಿದ ಎಣ್ಣೆ ಮತ್ತು ಜಿಡ್ಡು ಯಾರ ಕಣ್ಣಿಗೂ ಬೀಳದೆ ಅಲ್ಲಿಯೇ ಗಟ್ಟಿಯಾಗುತ್ತವೆ. ನನ್ನ ರೈಫಲ್ಲಿನಲ್ಲಿ ಆಗಿದ್ದೂ ಇದೇ.

ಬಿಚ್ಚುವ ಮೊದಲು ಕೊಳವೆಯನ್ನೂ ಚೇಂಬರನ್ನೂ ಖಾಲಿ ಮಾಡಿ, ಕಣ್ಣಿನಿಂದ ನೋಡಿದ್ದಲ್ಲದೆ ಚೇಂಬರಿಗೆ ಬೆರಳು ಹಾಕಿಯೂ ಖಚಿತಪಡಿಸಿಕೊಂಡೆ. ಕೊನೆಯ ತೋಟಾ ಕೊಳವೆಯಲ್ಲೇ ಉಳಿಯುವುದೇ ರೋಗವಾಗಿರುವ ರೈಫಲ್ಲಿನಲ್ಲಿ, ಲಿವರ್ ಎಳೆದಾಗ ಏನೂ ಬರಲಿಲ್ಲ ಎಂಬುದು ಅದು ಖಾಲಿ ಎನ್ನುವುದಕ್ಕೆ ಸಾಕ್ಷಿಯಲ್ಲ. ಆದ್ದರಿಂದ ಗೇಟನ್ನು ಒತ್ತಿ ಹಿಡಿದು, ಫಾಲೋವರಿನ ಹಿಂಬದಿ ಕಾಣುವವರೆಗೂ ಟಾರ್ಚ್ ಬಿಟ್ಟು ನೋಡಿದೆ. ಆ ನಂತರದ ಎಲ್ಲ ಪರೀಕ್ಷೆಗಳಿಗೂ ಮದ್ದು ಮತ್ತು ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ತಳದ ಭಾಗ) ಇಲ್ಲದ ಡಮ್ಮಿ ತೋಟಾಗಳನ್ನೇ ಬಳಸಿದೆ. ನಿಜವಾದ ತೋಟಾಗಳನ್ನು ಕೆಲಸದ ಕೋಣೆಗೆ ತರಲೇ ಇಲ್ಲ.

ಕೊಳವೆಯ ಮುಂತುದಿಯಲ್ಲಿ ಮುಚ್ಚಳವೊಂದಿದ್ದು, ಅದನ್ನು ಒಂದು ಸಣ್ಣ ಸ್ಕ್ರೂ ಹಿಡಿದಿರುತ್ತದೆ. ಹಳೆಯ ಸ್ಕ್ರೂಗಳ ಸೀಳು ಬೇಗ ಹರಿಯುವುದರಿಂದ, ಆ ಸೀಳಿಗೆ ಸರಿಯಾಗಿ ಕೂರುವಂತೆ ಸ್ಕ್ರೂಡ್ರೈವರಿನ ತುದಿಯನ್ನು ಉಜ್ಜಿಕೊಂಡು, ಹಿಂದಿನ ರಾತ್ರಿಯೇ ಎರಡು ಹನಿ ತೆಳುಎಣ್ಣೆ ಬಿಟ್ಟಿದ್ದೆ. ಮುಚ್ಚಳದ ಹಿಂದೆ ಸ್ಪ್ರಿಂಗ್ ಅದುಮಿಕೊಂಡಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ಹಿಡಿಯದೆ ಸ್ಕ್ರೂ ತೆಗೆದರೆ ಮುಚ್ಚಳ ಮುಖಕ್ಕೇ ಹಾರಬಹುದು, ಆದ್ದರಿಂದ ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಬೇಕು.

ಸ್ಪ್ರಿಂಗ್ ಹೊರಬಂದಾಗ ಅದರ ಮೇಲೆ ಕಂದು ಬಣ್ಣದ, ಬೆಲ್ಲದ ಪಾಕ ಒಣಗಿದಂಥ ಪದರವಿತ್ತು. ಎರಡು ಕಡೆ ಸುರುಳಿಗಳು ಬಾಗಿ ಒಂದರ ಮೇಲೊಂದು ಹತ್ತಿಕೊಂಡಿದ್ದವು. ಇನ್ನೂ ಮುಖ್ಯವಾದ ಸುಳಿವು ಅದರ ಉದ್ದದಲ್ಲಿತ್ತು: ಆರೋಗ್ಯವಾಗಿರುವ ಸ್ಪ್ರಿಂಗ್ ತೋಟಾಗಳಿಲ್ಲದ ಕೊಳವೆಯಿಂದ ಒಂದು ಗೇಣಾದರೂ ಹೊರಚಾಚಿಕೊಂಡಿರಬೇಕು, ನನ್ನದು ಮೂರು ಬೆರಳಿನಷ್ಟು ಮಾತ್ರ ಹೊರಗಿತ್ತು. ತುಂಬಿದ ಕೊಳವೆಯಲ್ಲಿ ಸ್ಪ್ರಿಂಗ್ ಪೂರ್ತಿ ಅದುಮಿಕೊಂಡಿರುವುದರಿಂದ ಎಷ್ಟೇ ಸೊರಗಿದ್ದರೂ ತಳ್ಳುತ್ತದೆ. ಕೊನೆಯ ಎರಡು ತೋಟಾಗಳ ಹೊತ್ತಿಗೆ ಅದು ತನ್ನ ಸಹಜ ಉದ್ದಕ್ಕೆ ಹತ್ತಿರವಾಗಿ, ತಳ್ಳಲು ಬಲವೇ ಉಳಿದಿರುವುದಿಲ್ಲ. ಮೊದಲ ನಾಲ್ಕು ಬಂದು ಕೊನೆಯ ಎರಡು ನಿಲ್ಲುತ್ತಿದ್ದುದಕ್ಕೆ ಇದೇ ಕಾರಣ.

ಆದರೂ ಸ್ಪ್ರಿಂಗಿನ ಮೇಲೆಯೇ ಎಲ್ಲ ತಪ್ಪನ್ನೂ ಹೊರಿಸಲು ಮನಸ್ಸಾಗಲಿಲ್ಲ. ಕೊಳವೆಯನ್ನು ಕಳಚಿ, ದ್ರಾವಕದಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ, ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೂ ಒಳಗನ್ನು ಒರೆಸಿದೆ. ಬಳಿಕ ಖಾಲಿ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಒಂದು ಡಮ್ಮಿ ತೋಟಾ ಬಿಟ್ಟೆ. ಅದು ತಡೆಯಿಲ್ಲದೆ ಕೆಳಗೆ ಜಾರಿ ಬೀಳಬೇಕಿತ್ತು, ಆದರೆ ನಡುವೆ ಒಂದು ಕಡೆ ನಿಂತೇಬಿಟ್ಟಿತು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ, ಹೊರಮೈಯಲ್ಲಿ ಬೆರಳಿಗೆ ಮಾತ್ರ ತಿಳಿಯುವಂಥ ಒಂದು ನೆಗ್ಗು ಸಿಕ್ಕಿತು. ಈ ತೋಟಾದ ರಿಮ್ಮಿನ (ತಳದ ಅಂಚಿನ) ವ್ಯಾಸ ಸುಮಾರು 12.8 ಮಿಲಿಮೀಟರ್, ಅದಕ್ಕೂ ಕೊಳವೆಯ ಒಳಗೋಡೆಗೂ ನಡುವಿನ ಸಂದು ಬಹಳ ಕಡಿಮೆಯಿರುವುದರಿಂದ, ಇಂಥ ಅತ್ಯಲ್ಪ ನೆಗ್ಗೂ ರಿಮ್ಮನ್ನು ಹಿಡಿದು ನಿಲ್ಲಿಸಬಲ್ಲದು.

ನೆಗ್ಗು ತೆಗೆಯಲು ಕೊಳವೆಯೊಳಗೆ ಬಿಗಿಯಾಗಿ ಜಾರುವ ಉಕ್ಕಿನ ಸರಳೊಂದನ್ನು ತುದಿ ದುಂಡಗೆ ಮಾಡಿಸಿ, ಎಣ್ಣೆ ಸವರಿ ಒಳತೂರಿಸಿದೆ. ಸರಳು ನೆಗ್ಗಿನ ಕೆಳಗೆ ನಿಂತಾಗ, ಹಗುರವಾದ ಹಿತ್ತಾಳೆ ಸುತ್ತಿಗೆಯಿಂದ ನೆಗ್ಗಿನ ಸುತ್ತಲಿನ ಅಂಚಿಗೆ ಮೆತ್ತಗೆ ತಟ್ಟುತ್ತ ಬಂದೆ. ನೆಗ್ಗಿನ ನಡುಮಧ್ಯಕ್ಕೆ ಹೊಡೆಯಬಾರದು, ಲೋಹ ಇನ್ನಷ್ಟು ಹಿಗ್ಗುತ್ತದೆ. ಅರ್ಧ ಗಂಟೆಯ ನಂತರ ಡಮ್ಮಿ ತೋಟಾ ಟಣ್ಣೆಂದು ಕೆಳಗೆ ಬಿತ್ತು. ಆ ಸದ್ದು ಕೇಳಿ ಆದ ಸಂತೋಷ ಇಂದಿಗೂ ನೆನಪಿದೆ.

ಹೊಸ ಸ್ಪ್ರಿಂಗ್ ಹಾಕಿ, ಫಾಲೋವರಿನ ಅಂಚಿನ ಒರಟನ್ನು ಸಣ್ಣ ಎಮೆರಿ ಕಾಗದದಿಂದ ತೆಗೆದು, ಎಲ್ಲವನ್ನೂ ಒಣಗಿಸಿ ಜೋಡಿಸಿದೆ. ಕೊಳವೆಯೊಳಗೆ ಎಣ್ಣೆ ಹಚ್ಚಲಿಲ್ಲ. ಎಣ್ಣೆ ಕೊಳೆಯನ್ನು ಹಿಡಿಯುತ್ತದೆ, ಪ್ರೈಮರಿಗೆ ಇಳಿದರೆ ತೋಟಾವನ್ನೇ ಕೆಡಿಸಬಹುದು. ಡಮ್ಮಿ ತುಂಬಿ ಪರೀಕ್ಷಿಸಿದಾಗ ಆರೂ ತೋಟಾಗಳು ಬಂದವು. ಕೆಲಸ ಮುಗಿಯಿತೆಂದೇ ತಿಳಿದೆ.

ಎರಡನೆಯ ಸುತ್ತಿನಲ್ಲಿ ಲಿವರ್ ಅರ್ಧ ದಾರಿಯಲ್ಲಿ ಬಿಗಿದುಕೊಂಡಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಇದು ಹಿಂದೆಂದೂ ಆಗಿರಲಿಲ್ಲವಾದ್ದರಿಂದ ಹೊಸ ಸ್ಪ್ರಿಂಗಿನದೇ ದೋಷವೆಂದು ಮೊದಲು ಅನ್ನಿಸಿತು. ಬಲ ಹಾಕಿ ಎಳೆಯದೆ, ಲಿವರಿನ ತಿರುಗುಣಿ ಸ್ಕ್ರೂ ತೆಗೆದು ಲಿವರನ್ನೂ ಬೋಲ್ಟನ್ನೂ ಕಳಚಿ ನೋಡಿದಾಗ, ಒಂದು ತೋಟಾ ಅದನ್ನು ಎತ್ತುವ ಕ್ಯಾರಿಯರಿನ ಮೇಲಿದ್ದು, ಅದರ ಹಿಂದೆಯೇ ಬಂದ ಎರಡನೆಯದರ ರಿಮ್ಮು ಕ್ಯಾರಿಯರಿನ ಮೂತಿಯ ಕೆಳಗೆ ನುಸುಳಿ ಸಿಕ್ಕಿಕೊಂಡಿತ್ತು.

ಕ್ಯಾರಿಯರಿಗೆ ಎರಡು ಕೆಲಸಗಳಿವೆ. ಕೊಳವೆಯಿಂದ ಬಂದ ತೋಟಾವನ್ನು ಚೇಂಬರಿನ ಮಟ್ಟಕ್ಕೆ ಎತ್ತುವುದು ಒಂದು. ತಾನೇ ಅಡ್ಡಲಾಗಿ ನಿಂತು ಮುಂದಿನ ತೋಟಾವನ್ನು ಕೊಳವೆಯಲ್ಲೇ ತಡೆಯುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ಅದರ ಎತ್ತರ ಕೂದಲೆಳೆಯಷ್ಟೂ ತಪ್ಪಬಾರದು. ನನ್ನ ಕ್ಯಾರಿಯರಿನ ಅಡಿಯಲ್ಲಿ, ಲಿವರಿನ ಉಬ್ಬು ಬಂದು ತಾಗುವ ಜಾಗದಲ್ಲಿ, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿತ್ತು. ಲಿವರಿನ ಆ ಉಬ್ಬಿನ ಅಂಚು ಉಳಿಯಂತೆ ಚೂಪಾಗಿದ್ದು, ವರ್ಷಗಟ್ಟಲೆ ಕ್ಯಾರಿಯರನ್ನು ಕೆತ್ತುತ್ತ ಬಂದಿತ್ತು. ಅಷ್ಟು ಲೋಹ ಸವೆದಂತೆ ಕ್ಯಾರಿಯರ್ ಅಷ್ಟೇ ಕೆಳಗೆ ಕೂತು, ಮೂತಿಯ ಕೆಳಗೆ ಸಂದು ಬಿಟ್ಟಿತ್ತು. ಸೊರಗಿದ ಹಳೆಯ ಸ್ಪ್ರಿಂಗಿಗೆ ಎರಡನೆಯ ತೋಟಾವನ್ನು ಆ ಸಂದಿಗೆ ನೂಕುವ ಶಕ್ತಿ ಇರಲಿಲ್ಲ, ಹೊಸದಕ್ಕೆ ಇತ್ತು. ಹೀಗೆ ಒಂದು ದೋಷ ಇನ್ನೊಂದನ್ನು ಇಷ್ಟು ಕಾಲ ಮುಚ್ಚಿಟ್ಟಿತ್ತು. ಇಂಥ ಹೊತ್ತಿನಲ್ಲಿ ಸ್ಪ್ರಿಂಗಿನ ಸುರುಳಿ ಕತ್ತರಿಸಿ ಬಲ ತಗ್ಗಿಸುವವರಿದ್ದಾರೆ. ಅದು ರೋಗವನ್ನು ಮತ್ತೆ ಹೊದಿಕೆಯೊಳಗೆ ತಳ್ಳುವುದೇ ಹೊರತು ದುರಸ್ತಿಯಲ್ಲ.

ಮೊದಲು ಲಿವರಿನ ಚೂಪು ಅಂಚನ್ನು ನಯವಾದ ಸಾಣೆಕಲ್ಲಿನಿಂದ ದುಂಡಗಾಗಿಸಿ ಹೊಳಪು ಕೊಟ್ಟೆ. ಅಂಚನ್ನಷ್ಟೇ ಮುಟ್ಟಬೇಕು, ಉಬ್ಬಿನ ಎತ್ತರ ತಗ್ಗಿದರೆ ಕ್ಯಾರಿಯರ್ ಇನ್ನೂ ಕೆಳಗಿಳಿಯುತ್ತದೆ. ಗೀರಿನ ಮೇಲೆ ಸಣ್ಣ ಬೆಸುಗೆ ಹಾಕುವುದನ್ನು ಮಾತ್ರ ಅನುಭವವುಳ್ಳ ಬಂದೂಕು ದುರಸ್ತಿಗಾರರಿಗೆ ಒಪ್ಪಿಸಿದೆ, ಏಕೆಂದರೆ ಅಷ್ಟು ಚಿಕ್ಕ ಭಾಗ ಹೆಚ್ಚು ಶಾಖಕ್ಕೆ ಸೊಟ್ಟಗಾಗುವ ಅಪಾಯವಿದೆ. ಬೆಸುಗೆಯನ್ನು ಅರದಿಂದ ಇಳಿಸಿ ಸರಿಹೊಂದಿಸುವ ಕೆಲಸವನ್ನು ನಾನೇ ಮಾಡಿದೆ. ಮಾರ್ಕರಿನ ನೀಲಿ ಬಣ್ಣ ಬಳಿದು, ಜೋಡಿಸಿ, ಲಿವರ್ ಎಳೆದು, ಮತ್ತೆ ಬಿಚ್ಚಿ ಬಣ್ಣ ಎಲ್ಲಿ ಅಳಿಸಿದೆ ಎಂದು ನೋಡಿ, ಅಲ್ಲಿ ಮಾತ್ರ ಎರಡು ಸಲ ಅರ ಆಡಿಸುತ್ತ ಹೋದೆ. ಹೀಗೆ ಹನ್ನೊಂದು ಸಲ ಬಿಚ್ಚಿ ಜೋಡಿಸಿದ ಮೇಲೆ ಲಿವರ್ ಹಗುರವಾಗಿ ಮುಚ್ಚಿಕೊಂಡಿತು, ಎರಡನೆಯ ತೋಟಾ ಕ್ಯಾರಿಯರಿನ ಮೂತಿಗೆ ಒರಗಿ ಕೊಳವೆಯಲ್ಲೇ ನಿಂತಿತು.

ತೋಟಾದ ಉದ್ದವನ್ನೂ ಇದೇ ಸಂದರ್ಭದಲ್ಲಿ ಪರಿಶೀಲಿಸಿದೆ. .30-30 ತೋಟಾದ ಒಟ್ಟು ಉದ್ದ 64.77 ಮಿಲಿಮೀಟರ್ ಮೀರಬಾರದು. ನಾನೇ ಮರುತುಂಬಿದ ಕೆಲವು ತೋಟಾಗಳಲ್ಲಿ ಕೇಸಿನ (ತೋಟಾದ ಲೋಹದ ಚಿಪ್ಪಿನ) ಬಾಯಿಯ ಹಿಡಿತ ಸಡಿಲವಾಗಿದ್ದು, ಸ್ಪ್ರಿಂಗಿನ ಒತ್ತಡಕ್ಕೂ ಹಿಮ್ಮೆಟ್ಟುವ ಹೊಡೆತಕ್ಕೂ ಗುಂಡು ಒಳಸರಿದು ಉದ್ದ ಕಡಿಮೆಯಾಗಿತ್ತು. ಅವನ್ನು ಬೇರ್ಪಡಿಸಿ, ಬಿಗಿಯಾದ ಕ್ರಿಂಪ್ ಕೊಟ್ಟು, ಅಂದರೆ ಕೇಸಿನ ಬಾಯನ್ನು ಗುಂಡಿಗೆ ಒತ್ತಿ, ಹೊಸದಾಗಿ ತುಂಬಿದೆ. ಗುಂಡಿನ ಮೂತಿಯಂತೂ ಚಪ್ಪಟೆಯಾಗಿಯೇ ಇರಬೇಕು: ಕೊಳವೆಯಲ್ಲಿ ಒಂದರ ಮೂತಿ ಮುಂದಿನದರ ಪ್ರೈಮರಿಗೆ ಒರಗಿರುವುದರಿಂದ, ಗಟ್ಟಿಯಾದ ಚೂಪು ಮೂತಿಯ ಗುಂಡು ಕೊಳವೆಯೊಳಗೇ ತೋಟಾವನ್ನು ಸಿಡಿಸಬಲ್ಲದು.

ಶೂಟಿಂಗ್ ರೇಂಜಿನಲ್ಲಿ ಮೊದಲ ಸುತ್ತಿಗೆ ಎರಡೇ ತೋಟಾ ತುಂಬಿದೆ, ನಂತರ ನಾಲ್ಕು, ಕೊನೆಗೆ ಪೂರ್ತಿ. ಲಿವರನ್ನು ನಿಧಾನವಾಗಿಯೂ ಎಳೆದೆ, ಬಿರುಸಾಗಿಯೂ ಎಳೆದೆ, ರೈಫಲ್ಲನ್ನು ಪಕ್ಕಕ್ಕೆ ವಾಲಿಸಿಯೂ ಎಳೆದೆ. ಒಂದೂ ಸಿಕ್ಕಿಕೊಳ್ಳಲಿಲ್ಲ, ಒಂದೂ ಒಳಗೆ ಉಳಿಯಲಿಲ್ಲ. ಅಂದಿನಿಂದ ಪ್ರತಿ ಸಲ ಶುಚಿಗೊಳಿಸುವಾಗ ಕ್ಯಾರಿಯರಿನ ಅಡಿಗೆ ನೀಲಿ ಬಣ್ಣ ಬಳಿದು ನೋಡುತ್ತೇನೆ. ಲಿವರ್ ತಾಗುವ ಒಂದು ತೆಳುವಾದ ಗೆರೆಯಲ್ಲಿ ಮಾತ್ರ ಬಣ್ಣ ಅಳಿಸುತ್ತಿದೆ, ಉಗುರಿಗೆ ಇನ್ನೂ ಏನೂ ಸಿಕ್ಕಿಲ್ಲ.