ಸಿಪಿಎ ಪುಸ್ತಕಕ್ಕಿಂತ ಮೊದಲು ನಿಮ್ಮ ಹೆಸರು ಓದಿಕೊಳ್ಳಿ

ರಜೆಗೆಂದು ಗಂಗಾವತಿಗೆ ಬಂದು ನಾಲ್ಕು ದಿನವೂ ಆಗಿರಲಿಲ್ಲ. ರಾತ್ರಿ ಊಟ ಮುಗಿಸಿ ಕಟ್ಟೆ ಮೇಲೆ ಕೂತಿದ್ದೆ, ನ್ಯೂಜೆರ್ಸಿಯಿಂದ ಫೋನು. ಸಿಂಧನೂರಿನ ಹುಡುಗ, ಅಲ್ಲಿಗೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ಸಿಪಿಎ, ಅಂದರೆ ನಮ್ಮ ಸಿಎ ಥರದ ಅಮೆರಿಕದ ಲೆಕ್ಕಪರಿಶೋಧಕರ ಪರೀಕ್ಷೆಗೆ ಕಟ್ಟಿದ್ದಾನೆ.

"ಅಣ್ಣಾ, ಎನ್‌ಟಿಎಸ್ ಬಂತ್ರಿ. ಹೆಸರಿನ್ಯಾಗ ಒಂದಕ್ಷರ ಹೆಚ್ಚ್ ಬಿದ್ದೈತಿ ಅಷ್ಟ. ನಡಿತೈತಲ್ರಿ?"

ಇಲ್ಲಪ್ಪ, ನಡಿಯಲ್ಲ. ಎನ್‌ಟಿಎಸ್ ಅಂದರೆ ಆ ಪರೀಕ್ಷೆಯ ಹಾಲ್ ಟಿಕೆಟ್. ಇದೇ ಪ್ರಶ್ನೆ ಕೇಳಿದವರಲ್ಲಿ ಇವನು ಮೂರನೆಯವನು. ಅದಕ್ಕೇ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸಿಪಿಎ ಅಂದರೇನು, ಯಾವ ಪುಸ್ತಕ ಓದಬೇಕು, ಇದನ್ನೆಲ್ಲ ಕೋಚಿಂಗಿನವರು ಬೇಕಾದಷ್ಟು ಹೇಳಿರುತ್ತಾರೆ, ಬಿಡಿ. ನಮ್ಮವರು ಎಡವುವುದು ಆಫೀಸಿನ ಕೆಲಸದಲ್ಲಿ. ನಮ್ಮಲ್ಲಿ ಸಿಎ ಅಂದರೆ 1949ರ ಕಾಯ್ದೆ, ಒಂದೇ ಸಂಸ್ಥೆ. ಪಠ್ಯ, ಪರೀಕ್ಷೆ, ಆರ್ಟಿಕಲ್‌ಶಿಪ್ (ಸಿಎ ಒಬ್ಬರ ಕೈಕೆಳಗಿನ ತರಬೇತಿ), ಸದಸ್ಯತ್ವ ಎಲ್ಲವೂ ಅದರ ಕೈಯಲ್ಲೇ. ಅಮೆರಿಕದಲ್ಲಿ ಹಾಗಿಲ್ಲ. ಪ್ರಶ್ನೆಪತ್ರಿಕೆ ತಯಾರಿಸುವುದು ಸಿಪಿಎಗಳ ಸಂಘವಾದ ಎಐಸಿಪಿಎ, ಅರ್ಜಿ-ಅಂಕಗಳನ್ನು ಆಚೀಚೆ ಸಾಗಿಸುವುದು ರಾಜ್ಯ ಮಂಡಳಿಗಳ ಒಕ್ಕೂಟವಾದ ನಾಸ್ಬಾ, ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಮಂಡಳಿ. 1896ರಲ್ಲಿ ನ್ಯೂಯಾರ್ಕ್ ಮೊದಲ ಕಾನೂನು ಮಾಡಿದಾಗಿನಿಂದ ಇದು ರಾಜ್ಯಗಳ ಬಾಬತ್ತು. ಪರೀಕ್ಷೆ ಎಲ್ಲ ಕಡೆ ಒಂದೇ, ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು. ಹಾಗಾಗಿ "ನಮ್ಮ ಸೋದರಮಾವನ ಮಗ ಹೀಗೇ ಮಾಡಿದ" ಅನ್ನುವ ಮಾತು, ಆ ಮಾವನ ಮಗ ನಿಮ್ಮ ರಾಜ್ಯದಲ್ಲೇ ಬರೆದಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಈಗ ಹೆಸರಿನ ವಿಷಯ. ನನ್ನನ್ನು ಶಾಲೆಗೆ ಹಾಕುವಾಗ ಹೆಡ್ ಮಾಸ್ತರು ಹೆಸರಿನ ಮುಂದೆ "ಕೆ" ಅಂತ ಒಂದಕ್ಷರ ಬರೆದುಕೊಂಡರು. ಕೆ ಅಂದರೆ ಕಾರಟಗಿ, ಅಜ್ಜನ ಊರು. ಎಸ್ಸೆಸ್ಸೆಲ್ಸಿಯಿಂದ ಎಂ.ಕಾಂ.ವರೆಗೆ ಪ್ರತಿ ಮಾರ್ಕ್ಸ್ ಕಾರ್ಡಿನಲ್ಲೂ ಆ ಕೆ ಇದೆ. ಪಾಸ್‌ಪೋರ್ಟ್ ಅರ್ಜಿ ತುಂಬಿಕೊಟ್ಟ ಏಜೆಂಟ್ ಅಡ್ಡಹೆಸರಿನ (ಸರ್‌ನೇಮ್) ಜಾಗ ಖಾಲಿ ಬಿಟ್ಟ. ನಾನೂ ನೋಡಲಿಲ್ಲ. ಅಮೆರಿಕದ ವೀಸಾದಲ್ಲಿ ಖಾಲಿ ಬಿಡುವ ಪದ್ಧತಿ ಇಲ್ಲ. ಇದ್ದ ಒಂದು ಹೆಸರನ್ನು ಅಡ್ಡಹೆಸರಿನ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಹೊಡೆದರು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅದೇ ಡ್ರೈವಿಂಗ್ ಲೈಸೆನ್ಸಿಗೆ ಬಂತು, ಬ್ಯಾಂಕಿಗೆ ಬಂತು. ಆಫೀಸಿನಲ್ಲಿ ಮೊದಲ ವಾರ ಒಬ್ಬ ನನ್ನನ್ನು "ಫ್ನೂ" ಅಂತಲೇ ಕರೆಯುತ್ತಿದ್ದ.

ಪರೀಕ್ಷೆಯ ಅರ್ಜಿ ತುಂಬುವಾಗ ಬುದ್ಧಿವಂತಿಕೆ ಮಾಡಿದೆ. ಪದವಿಯ ಕಾಗದಗಳಿಗೆ ತಾಳೆಯಾಗಲಿ ಅಂತ ಮಾರ್ಕ್ಸ್ ಕಾರ್ಡಿನ ಹೆಸರು ಹಾಕಿದೆ, ಕೆ ಸಮೇತ. ಎನ್‌ಟಿಎಸ್ ಅದೇ ಹೆಸರಿನಲ್ಲಿ ಬಂತು. ಪರೀಕ್ಷೆಯ ದಿನ ಕೇಂದ್ರದ ಹೆಂಗಸು ಎನ್‌ಟಿಎಸ್ ಮತ್ತು ಡ್ರೈವಿಂಗ್ ಲೈಸೆನ್ಸ್ ಒಂದರ ಪಕ್ಕ ಒಂದಿಟ್ಟು, ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟುತ್ತ ಹೋದಳು. ಕೆ ಹತ್ತಿರ ಪೆನ್ನು ನಿಂತಿತು. ನಾನು ಪಾಸ್‌ಪೋರ್ಟ್ ತೆಗೆದೆ, ಅದರಲ್ಲೂ ಕೆ ಇಲ್ಲ. ನಮ್ಮ ಕಡೆಯಾಗಿದ್ದರೆ "ಮೇಡಂ, ಸ್ವಲ್ಪ ನೋಡ್ರಿ, ದೂರದಿಂದ ಬಂದೀನಿ" ಅನ್ನಬಹುದಿತ್ತು. ಅವಳು ಸಿಟ್ಟೂ ಮಾಡಲಿಲ್ಲ, ಕನಿಕರವನ್ನೂ ತೋರಿಸಲಿಲ್ಲ. ಕಾಗದ ಮಡಚಿ ಕೈಗೆ ಕೊಟ್ಟಳು. ಕಟ್ಟಿದ ಶುಲ್ಕ ಹೋಯಿತು. ಹೆಸರು ತಿದ್ದಿಸಿ, ಮತ್ತೆ ಹಣ ಕಟ್ಟಿ, ಮತ್ತೆ ಸೀಟು ಹಿಡಿಯುವ ಹೊತ್ತಿಗೆ ನಾಲ್ಕು ತಿಂಗಳು. ಅಷ್ಟರಲ್ಲಿ ಓದಿದ್ದೂ ಅರ್ಧ ಮರೆತುಹೋಗಿತ್ತು.

ಆದ್ದರಿಂದ ಅರ್ಜಿಯಲ್ಲಿ ಹಾಕುವ ಹೆಸರು ಪರೀಕ್ಷೆಯ ದಿನ ಮೇಜಿನ ಮೇಲಿಡುವ ಗುರುತಿನ ಚೀಟಿಯದ್ದಾಗಿರಬೇಕು. ಎಫ್‌ಎನ್‌ಯು ಇದ್ದರೆ ಅದನ್ನು ಹೇಗೆ ಬರೆಯಬೇಕು ಅಂತ ಮಂಡಳಿಗೇ ಮೇಲ್ ಹಾಕಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಬೇರೆ ಇದ್ದರೆ ಅದಕ್ಕೆ ಅಫಿಡವಿಟ್ ಇದೆ. ಆ ಜಗಳ ಪದವಿ ಪರಿಶೀಲಿಸುವವರ ಜೊತೆ ಮೊದಲೇ ಮುಗಿಯಲಿ, ಪರೀಕ್ಷಾ ಕೇಂದ್ರದ ಬಾಗಿಲಿಗೆ ಬರುವುದು ಬೇಡ. ಇನ್ನೂ ಊರಲ್ಲೇ ಇರುವವರು ವೀಸಾಕ್ಕೆ ಹೋಗುವ ಮುಂಚೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಪೂರ್ತಿ ಬಿಡಿಸಿ ಬರೆಸಿ, ಅಡ್ಡಹೆಸರು ತುಂಬಿಸಿಕೊಳ್ಳಿ. ಅಲ್ಲಿಗೆ ಹೋದಮೇಲೆ ತಿದ್ದಿಸಬೇಕೆಂದರೆ ಕಾನ್ಸುಲೇಟಿನಿಂದ ಶುರುವಾಗಿ ಸೋಷಿಯಲ್ ಸೆಕ್ಯುರಿಟಿ, ಲೈಸೆನ್ಸ್, ಬ್ಯಾಂಕ್ ಅಂತ ಮೆರವಣಿಗೆಯೇ ಆಗುತ್ತದೆ.

ಇನ್ನೊಂದು, ಎನ್‌ಟಿಎಸ್‌ಗೆ ಆಯಸ್ಸಿದೆ. ಬಹಳ ರಾಜ್ಯಗಳಲ್ಲಿ ಆರು ತಿಂಗಳು. ಅಷ್ಟರಲ್ಲಿ ಬರೆಯದಿದ್ದರೆ ದುಡ್ಡು ವಾಪಸ್ ಬರುವುದಿಲ್ಲ. ನಾಲ್ಕೂ ಪತ್ರಿಕೆಗೆ ಒಮ್ಮೆಲೇ ಕಟ್ಟಿ ಕೈ ತೊಳೆದುಕೊಂಡವರನ್ನು ನೋಡಿದ್ದೇನೆ.

ಪದವಿಯ ಲೆಕ್ಕಕ್ಕೆ ಬಂದರೆ, ಸಿಪಿಎ ಲೈಸೆನ್ಸಿಗೆ ಬಹುಕಾಲದಿಂದ ಇರುವ ಅಳತೆ 150 ಕ್ರೆಡಿಟ್ ಗಂಟೆ, ಅಂದರೆ ಕಾಲೇಜು ಓದನ್ನು ಅಳೆಯುವ ಅಲ್ಲಿನ ಲೆಕ್ಕ. ನಮ್ಮ ಮೂರು ವರ್ಷದ ಬಿ.ಕಾಂ.ಗೆ ಸಾಮಾನ್ಯವಾಗಿ 90 ಸಿಗುತ್ತದೆ, ಉಳಿದದ್ದಕ್ಕೆ ಎಂ.ಕಾಂ. ಬೇಕಾಗುತ್ತದೆ. ಒಹಾಯೊ, ವರ್ಜೀನಿಯಾದಂಥ ರಾಜ್ಯಗಳು 2025ರಲ್ಲಿ ಪದವಿಯ ಜೊತೆ ಎರಡು ವರ್ಷದ ಅನುಭವ ಇದ್ದರೂ ಸಾಕು ಎನ್ನುವ ಇನ್ನೊಂದು ದಾರಿಗೆ ಕಾನೂನು ಮಾಡಿದವು. ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) ಮಾತ್ರ ವಿಶ್ವವಿದ್ಯಾಲಯದಿಂದಲೇ ಬರಬೇಕು, ಅಲ್ಲಿ ನಮ್ಮ ಮೂರು ಜಿಲ್ಲೆಯವರಿಗೆ ಒಂದು ಗೊಂದಲ. ಬಳ್ಳಾರಿಯಲ್ಲಿ 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆಗುವ ಮೊದಲು ನಮ್ಮದೆಲ್ಲ ಗುಲ್ಬರ್ಗಾ ವಿಶ್ವವಿದ್ಯಾಲಯದ ಪದವಿ. ರಾಯಚೂರಿಗೆ, ಕೊಪ್ಪಳಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂದದ್ದು ಮೊನ್ನೆ ಮೊನ್ನೆ. ಕಾಲೇಜು ಈಗ ಯಾರ ಕೆಳಗಿದೆ ಅನ್ನುವುದು ಮುಖ್ಯವಲ್ಲ. ಪದವಿ ಪ್ರಮಾಣಪತ್ರದ ತಲೆಯ ಮೇಲೆ ಯಾರ ಹೆಸರಿದೆಯೋ ಅಲ್ಲಿಗೇ ಹೋಗಬೇಕು. ನನ್ನ ತಂಗಿ ಒಂದು ದಿನ ಬಳ್ಳಾರಿಗೆ ಸುಮ್ಮನೆ ಓಡಾಡಿ, ಮರುವಾರ ಕಲಬುರಗಿ ಬಸ್ ಹತ್ತಿದಳು.

ಯಾವ ಪದ್ಧತಿ ಒಳ್ಳೆಯದು ಅಂತ ಕೇಳುತ್ತಾರೆ. ಪರೀಕ್ಷೆಗೆ ಅಮೆರಿಕ, ಕಲಿಕೆಗೆ ನಮ್ಮದು ಅನ್ನುತ್ತೇನೆ. ಅಲ್ಲಿ ಒಂದೊಂದೇ ಪತ್ರಿಕೆ ಬರೆಯಬಹುದು. ತಲಾ ನಾಲ್ಕು ಗಂಟೆ, 75 ಬಂದರೆ ಪಾಸು. ಮೊದಲ ಪತ್ರಿಕೆ ಪಾಸಾದಮೇಲೆ ಉಳಿದವನ್ನು ಮುಗಿಸಲು ಈಗ ಬಹಳ ರಾಜ್ಯಗಳು 30 ತಿಂಗಳು ಕೊಡುತ್ತವೆ, ಮೊದಲು 18 ಇತ್ತು. ನಮ್ಮ ಸಿಎಯ ಗ್ರೂಪ್ ಪದ್ಧತಿಯಲ್ಲಿ, ಅಂದರೆ ಹಲವು ಪತ್ರಿಕೆ ಒಟ್ಟಿಗೆ ಪಾಸಾಗಬೇಕಾದಲ್ಲಿ, ಒಟ್ಟು ಅಂಕ ಕಡಿಮೆ ಬಿದ್ದು ಮುಗ್ಗರಿಸಿದ ಗೆಳೆಯರನ್ನು ನೆನೆದರೆ ಇದು ದೊಡ್ಡ ದಯೆ. ಆದರೆ ವೋಚರ್ ಕಟ್ಟು ಬಿಚ್ಚಿ ಧೂಳು ಕುಡಿದು ಕಲಿಯುವುದು ಆರ್ಟಿಕಲ್‌ಶಿಪ್ಪಿನಲ್ಲೇ. ಅಕ್ಕಿ ಮಿಲ್ಲಿನ ಸ್ಟಾಕು ಹಿಡಿದು, ನುಚ್ಚು-ತೌಡು ಬೇರೆ ಮಾಡಿ ಲೆಕ್ಕ ಹಾಕಿದವನಿಗೆ ಇನ್‌ವೆಂಟರಿ ಪ್ರಶ್ನೆ ಏನೂ ಅಲ್ಲ.

ಕಾನೂನಿನಲ್ಲಿ ಮಾತ್ರ ಎಚ್ಚರ. ತೆರಿಗೆ ಮತ್ತು ವ್ಯಾಪಾರ ಕಾನೂನಿನ ರೆಗ್ ಪತ್ರಿಕೆಯ ಕರಾರು ಪ್ರಶ್ನೆಗಳು ನಮ್ಮ 1872ರ ಕರಾರು ಕಾಯ್ದೆಯ ನೆಂಟರ ಹಾಗೇ ಕಾಣುತ್ತವೆ, ಎರಡಕ್ಕೂ ಇಂಗ್ಲೆಂಡಿನದೇ ಬೇರು. ಆದರೆ ಅಪ್ರಾಪ್ತ ವಯಸ್ಕನ ಕರಾರು ನಮ್ಮಲ್ಲಿ ಮೊದಲಿಂದಲೇ ಶೂನ್ಯ, 1903ರ ಮೊಹೋರಿ ಬೀಬಿ ತೀರ್ಪು ಬಿ.ಕಾಂ.ನಲ್ಲಿ ಬಾಯಿಪಾಠ ಮಾಡಿದ್ದೇವಲ್ಲ. ಅಲ್ಲಿ ಹಾಗಲ್ಲ. ಅಪ್ರಾಪ್ತನಿಗೆ ಬೇಕಿದ್ದರೆ ರದ್ದು ಮಾಡಿಕೊಳ್ಳಬಹುದು, ಅಲ್ಲಿಯವರೆಗೆ ಕರಾರು ನಿಲ್ಲುತ್ತದೆ. ಚೆನ್ನಾಗಿ ಓದಿದವನೇ ಇಲ್ಲಿ ಧೈರ್ಯವಾಗಿ ತಪ್ಪು ಬರೆಯುವುದು.

ಸಿಂಧನೂರಿನ ಹುಡುಗನ ಪರೀಕ್ಷೆಗೆ ಇನ್ನೂ ಹನ್ನೆರಡು ದಿನ ಇತ್ತು. ಸ್ವಲ್ಪ ಶುಲ್ಕ ಕಟ್ಟಿ ತಾರೀಕು ಮುಂದೆ ಹಾಕಿಸಿದ, ಮಂಡಳಿಗೆ ಬರೆದ. ಮೊನ್ನೆ ತಿದ್ದಿದ ಎನ್‌ಟಿಎಸ್ ಮತ್ತು ಲೈಸೆನ್ಸಿನ ಫೋಟೋ ಅಕ್ಕಪಕ್ಕ ಇಟ್ಟು ವಾಟ್ಸಾಪಿನಲ್ಲಿ ಕಳಿಸಿದ್ದ. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ನೋಡಿ, "ಈಗ ಓದಾಕ ಕುಂದ್ರು" ಅಂದೆ.